ಹಿಂದೆ ನಡೆವ ಮುಂದಾಳು

ಪ್ರಾಣಿಗಳ ನಡತೆಯನ್ನು ಶಾಸ್ತ್ರವಾಗಿ ಕಲಿಸುವ ಪೀಠಗಳು ಜಗತ್ತಿನಲ್ಲಿ ಎರಡೇ ಎಂದು ಧೈರ್ಯವಾಗಿ ಹೇಳಬಹುದು. ಒಂದು ಸಮುದ್ರದಾಚೆ ಎಲ್ಲೋ ಇದೆಯಂತೆ. ಇನ್ನೊಂದು ಯಾದಗಿರಿಯ ನಮ್ಮ ಸ್ನಾತಕೋತ್ತರ ವಿಭಾಗದ ತಗಡಿನ ಕೋಣೆ. ಆ ಕೋಣೆಯಲ್ಲಿ ಬಹುಕಾಲ ಪಾಠ ಹೇಳಿ ಈಗ ನಿವೃತ್ತರಾಗುತ್ತಿರುವ ಪ್ರಾಧ್ಯಾಪಕ ಅಂಬ್ರಪ್ಪನವರು ಬಾಯಿ ತೆರೆದರೆ ಸೂರಿನ ಗುಬ್ಬಿಗಳೂ ಜಗಳ ನಿಲ್ಲಿಸಿ ಹಾಜರಿ ಕೊಡುತ್ತಿದ್ದವು. ನಂಬದವರು ನಮ್ಮ ಜವಾನರನ್ನು ಕೇಳಬಹುದು.

ಶಹಾಪುರದ ಕಡೆಗೆ ಕಾಲುವೆಯ ನೀರು ಬಂದ ಹೊಸತರಲ್ಲಿ ಅವರು ಸಗರದಿಂದ ಬಂದು ಸೇವೆಗೆ ಸೇರಿದರು. "ದನಾ ನೋಡಾಕ ಇಷ್ಟ್ ಓದಬೇಕೇನಪಾ?" ಎಂದು ತಾಯಿ ಕರೆಮ್ಮ ಕೇಳಿದ್ದರಂತೆ. "ದನಾ ಕಾಯೋರು ದನಾ ನೋಡಂಗಿಲ್ಲವ್ವಾ, ಮಂದಿ ಬೆಳಿ ನೋಡ್ತಾರ, ಎಲ್ಲಿ ಬಾಯಿ ಹಾಕ್ತಾವೋ ಅಂತ," ಎಂದು ಮಗ ಉತ್ತರಿಸಿದರಂತೆ. ಈ ಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆಯನ್ನು ಸಮುದ್ರದಾಚೆಯವರೂ ಬರೆದಿರಲಾರರು. ವಿದ್ಯಾರ್ಥಿಗಳು ಬಿಸಿಲಲ್ಲಿ ಕುಳಿತು ನೋಡುವಾಗ ಅವರೂ ಜೊತೆಗೆ ಕೂರುತ್ತಿದ್ದರು. ಅವರು ಕಟ್ಟಿಕೊಂಡು ಬರುತ್ತಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ಒಂದು ಮದುವೆಯ ಬೀಗರಿಗೆ ಸಾಕಾಗುತ್ತಿತ್ತು.

ಅವರ ನಿಯಮ ಒಂದೇ: ಯಾವ ಪ್ರಾಣಿಯನ್ನು ನೋಡುತ್ತಿದ್ದೇವೆಂದು ಅದರ ಒಡೆಯನಿಗೆ ಹೇಳಬಾರದು. ಆ ನಿಯಮವೇ ಒಮ್ಮೆ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿತು.

ಗೋಗಿಯ ಸುಗರಾಬಿ ಎಂಬ ವಿದ್ಯಾರ್ಥಿನಿ ಎಂ.ಎಸ್ಸಿ. ಕೊನೆಯ ವರ್ಷದ ಪ್ರಬಂಧಕ್ಕೆ ತನ್ನ ತಂದೆ ಲಾಡ್ಲೇಸಾಬರ ಎಮ್ಮೆಗಳನ್ನೇ ಆರಿಸಿಕೊಂಡಿದ್ದಳು. ವಿಷಯ, ಕಾಲುವೆ ದಾಟುವಾಗ ಹಿಂಡಿನ ಮುಂದಾಳು ಯಾರು ಎಂಬುದು. ರಾಣಿ ಎಂಬ ಎಮ್ಮೆ ದಿನವೂ ಮೊದಲು ನೀರಿಗಿಳಿಯುತ್ತಿತ್ತು. ಪ್ರಬಂಧವೆಲ್ಲ ರಾಣಿಯ ಬೆನ್ನ ಮೇಲೆ ನಿಂತಿತ್ತು. ಪ್ರಬಂಧ ಬಿದ್ದರೆ ಇನ್ನೊಂದು ವರ್ಷ ಓದಬೇಕು. ಆ ವರ್ಷವನ್ನು ಕೊಡುವುದಿಲ್ಲವೆಂದು ತಾಯಿ ಖುರ್ಷೀದಬೇಗಂ ಮೊದಲೇ ಹೇಳಿಬಿಟ್ಟಿದ್ದರು.

ಒಂದು ಸೋಮವಾರ ಸುಗರಾಬಿ ಅಂಬ್ರಪ್ಪನವರ ಕೋಣೆಯ ಬಾಗಿಲಲ್ಲಿ ನಿಂತಳು.

"ಸರ್, ನಮ್ಮ ಅಬ್ಬಾ ನನ್ನ ಎಂ.ಎಸ್ಸಿ. ಸಂತ್ಯಾಗ ಮಾರಿ ಬಂದಾರ್ರಿ."

"ರಾಣಿನೇನವ್ವಾ?"

"ಹಾಲು ಬತ್ತಿತ್ತಂತ್ರಿ."

"ಹಂಗಾದ್ರ ಅವರದೇನು ತಪ್ಪಿಲ್ಲ. ಎಂ.ಎಸ್ಸಿ. ಹಾಲು ಕೊಡಂಗಿಲ್ಲ," ಎಂದರು. ಹಾಗೆಂದರೂ ತಮ್ಮ ನಿಯಮ ಒಂದು ಹುಡುಗಿಯ ಓದನ್ನು ನುಂಗಿತೇನೋ ಎಂಬ ಅಳುಕಿನಿಂದ ಅವರು ಆ ದಿನ ಊಟ ಮಾಡಲಿಲ್ಲ.

ಮರುದಿನ ಅವಳನ್ನು ಕರೆದುಕೊಂಡು ಗೋಗಿಗೆ ಹೊರಟರು. ಆಟೊದಲ್ಲಿ ಊರಿಗೆ ಊರೇ ತುಂಬಿತ್ತು. ಸರ್ ಒಂದು ಕಾಲನ್ನು ಮಾತ್ರ ಒಳಗಿಟ್ಟುಕೊಂಡು ಹೋದರು. ಕಾಲುವೆ ದಂಡೆಯಲ್ಲಿ ಲಾಡ್ಲೇಸಾಬರು ತಲೆ ತಗ್ಗಿಸಿ ನಿಂತಿದ್ದರು.

"ಅದು ಪುಸ್ತಕದಾಗಿನ ಎಮ್ಮಿ ಅಂತ ಹೇಳಿದ್ರ ನಾ ಮಾರತಿದ್ದಿಲ್ರಿ ಸರ್. ಇಕಿ ಬಾಯಿ ಬಿಡಲಿಲ್ಲ."

"ಹೇಳಿದ್ರ ನೀವು ಅದಕ್ಕ ಒಂದ್ ಮುಷ್ಟಿ ಹಿಂಡಿ ಜ್ಯಾಸ್ತಿ ಹಾಕ್ತಿದ್ರಿ, ಅಬ್ಬಾ. ಅದರ ನಡತಿ ಕೆಡತಿತ್ತು," ಎಂದಳು ಮಗಳು.

ಎಮ್ಮೆಗಳು ನೀರಿನ ಅಂಚಿಗೆ ಬಂದು ನಿಂತವು. ಒಂದೂ ಇಳಿಯಲಿಲ್ಲ. ಲಾಡ್ಲೇಸಾಬರು ಕೋಲೆತ್ತಿದರು. "ಹೊಡೀಬ್ಯಾಡ್ರಿ. ನಿಂತಿದ್ದೂ ಒಂದು ನಡತಿನ," ಎಂದು ಅಂಬ್ರಪ್ಪನವರು ತಡೆದರು. ಆ ಕಾಯುವಿಕೆಯಲ್ಲಿ ಒಂದು ಬೆಳೆ ಬಿತ್ತಿ ರಾಶಿ ಮಾಡಬಹುದಿತ್ತು. ಕಡೆಗೆ, ಯಾವಾಗಲೂ ಕೊನೆಯಲ್ಲಿ ಬರುತ್ತಿದ್ದ ಒಂಟಿಕೋಡಿನ ಮುದಿ ಎಮ್ಮೆ ತಲೆ ತಗ್ಗಿಸಿ ತನ್ನ ಮುಂದಿನದನ್ನು ನೂಕಿತು. ಅದು ತನ್ನ ಮುಂದಿನದರ ಮೇಲೆ ಬಿತ್ತು. ಎಲ್ಲಕ್ಕಿಂತ ಮುಂದೆ ನಿಂತ ಎಮ್ಮೆ ಬೇಡವೆಂದರೂ ನೀರಿಗಿಳಿಯಿತು, ಹಿಂಡು ದಾಟಿತು.

ಸುಗರಾಬಿ ಕಂಡದ್ದನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ, "ರಾಣಿನ್ನೂ ಈ ಒಂಟಿಕೋಡು ಹಿಂಗ ನೂಕಿರಬೇಕ್ರಿ ಸರ್. ನಾ ಮುಂದಿಂದಷ್ಟ ನೋಡ್ತಿದ್ದೆ," ಎಂದಳು.

"ಇನ್ನೂ ದಿನಾ ಅದಾವಲ್ಲ. ಈಗ ಹಿಂದ ನೋಡು."

ತಿಂಗಳುಗಟ್ಟಲೆ ನೋಡಿದಳು, ನೂಕುವ ಕೆಲಸ ಒಂಟಿಕೋಡಿನದೇ ಎಂದು ಖಚಿತವಾಯಿತು. ಆದರೆ ವಿಭಾಗದ ಸಮಿತಿಯಲ್ಲಿ ಮುಖ್ಯಸ್ಥರು ಪ್ರಬಂಧವನ್ನು ಮೇಜಿನ ಮೇಲಿಟ್ಟು, "ಮಂಜೂರಾದ ವಿಷಯ ಮುಂದಾಳಿಂದು. ಈ ಹುಡುಗಿ ಬರದದ್ದು ಕೊನೀ ಎಮ್ಮಿ ಬಗ್ಗೆ. ಮುಂದಿನ ವರ್ಷ ಹೊಸದಾಗಿ ಮಾಡ್ಲಿ," ಎಂದರು.

ಎಂದೂ ದನಿ ಎತ್ತದ ಅಂಬ್ರಪ್ಪನವರು ಎದ್ದು ನಿಂತರು. "ಮುಂದಾಳು ಹಿಂದ ಇರಬಾರದಂತ ಎಲ್ಲಿ ಬರದಾರ್ರಿ? ಇದು ತಪ್ಪಾಗಿದ್ರ ತಪ್ಪು ನಂದು. ಮೊದಲು ನನ್ನ ಮಾರ್ಗದರ್ಶನ ರದ್ದು ಮಾಡ್ರಿ, ಆಮ್ಯಾಲ ಅಕಿ ವರ್ಷ."

ಆ ಮಾತಿಗೆ ಫ್ಯಾನು ಕೂಡ ತಿರುಗಲು ಅಂಜಿತು. ಮುಖ್ಯಸ್ಥರು ಪ್ರಬಂಧವನ್ನು ಮತ್ತೆ ತೆರೆದು, ಕೊನೆಯ ಪುಟದವರೆಗೂ ಓದಿ, ಸಹಿ ಮಾಡಿದರು.

ಇಂದು ಅದೇ ಕೋಣೆಯಲ್ಲಿ ಡಾ. ಸುಗರಾಬಿಯವರು ಅದೇ ಶಾಸ್ತ್ರವನ್ನು ಕಲಿಸುತ್ತಿದ್ದಾರೆ. ಸೇವೆಯ ಕೊನೆಯ ವಾರ ಅಂಬ್ರಪ್ಪನವರು ಸದ್ದಿಲ್ಲದೆ ಅವರ ತರಗತಿಗೆ ಹೋಗಿ ಕಡೆಯ ಬೆಂಚಿನಲ್ಲಿ ಕುಳಿತರು. ಪಾಠ ನಿಲ್ಲಿಸಿದ ಶಿಷ್ಯೆ, "ಹಿಂದ ಕುಂದ್ರಬ್ಯಾಡ್ರಿ ಸರ್, ನೂಕ್ತೀರಿ," ಎಂದರು.

ಅವರು ಏಳಲಿಲ್ಲ. ಈ ಸೀಮೆಯ ಕಾಲುವೆಗಳಲ್ಲಿ ನೀರಿರುವಷ್ಟು ಕಾಲ ಅವರಿಗೆ ಆಯುಷ್ಯ, ಆರೋಗ್ಯ, ನೋಡುವ ಕಣ್ಣು ಇರಲಿ; ಆ ಬೆಂಚಿನಿಂದ ಅವರನ್ನು ಯಾರೂ ಎಬ್ಬಿಸದಿರಲಿ.