ನಲ್ಲಿಗುಂಡಿ

ನಲ್ಲಿಯಿಂದ ಮೊದಲು ಬರುವುದು ನೀರಲ್ಲ, ಗಾಳಿ. ಬುಸ್ಸೆಂದು ಒಂದು ಉಸಿರು, ನಾಲ್ಕು ಕೆಮ್ಮು, ಆಮೇಲೆ ನೀರು. ಆನೆಕೊಂಡದ ಈ ಓಣಿಯ ಹೆಂಗಸರು ಕೊಡ ಹಿಡಿದು ಹೊರಬರುವುದು ಈ ಸದ್ದಿಗೆ. ಸದ್ದು ಹುಟ್ಟಿಸುವವರು ಜಮಾಲುದ್ದೀನ್. ಇಪ್ಪತ್ತಾರು ವರ್ಷದಿಂದ ವಾಲ್ವ್ ತಿರುಗಿಸುತ್ತಿದ್ದಾರೆ. ಹರಿಹರದ ಹೊಳೆಯ ನೀರು ಶುದ್ಧವಾಗಿ ಟ್ಯಾಂಕು ಸೇರಿದ ಮೇಲೆ, ಯಾವ ಓಣಿಗೆ ಎಷ್ಟು ಹೊತ್ತಿಗೆ ಇಳಿಯಬೇಕೆಂಬುದು ಅವರ ಕೈಯಲ್ಲಿದೆ. ಮದುವೆ ಮನೆಯವರು ಮೊದಲ ಪತ್ರಿಕೆಯನ್ನು ದೇವರ ಮುಂದಿಟ್ಟರೆ ಎರಡನೆಯದನ್ನು ಅವರಿಗೆ ಕೊಡುತ್ತಾರೆ.

ನೀರಿನ ರಭಸ ಕಡಿಮೆ ಇರುವ ಕಡೆ ಎರಡಡಿ ಗುಂಡಿ ತೋಡಿ, ನಲ್ಲಿಯನ್ನು ಅದರೊಳಗೆ ಇಳಿಸಬೇಕೆಂದು ಕಂಡುಕೊಂಡವರೂ ಅವರೇ. ಅವರ ಮನೆಗೆ ಎರಡು ಕೊಡ ಹೆಚ್ಚು ಸಿಕ್ಕಿದ್ದು ನೋಡಿ ಇಡೀ ಓಣಿ ಗುಂಡಿ ತೋಡಿತು. ಪಾತ್ರೆ ತೊಳೆದದ್ದು, ಚರಂಡಿ ಉಕ್ಕಿದ್ದು ಎಲ್ಲ ಅದರಲ್ಲೇ ನಿಲ್ಲುತ್ತಿತ್ತು.

ಅವರ ಆರು ವರ್ಷದ ಮೊಮ್ಮಗಳು ಸಾಯಿಮಾಳಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಶಾಲೆಯಲ್ಲಿ ಕೊಟ್ಟ ಜಂತುಹುಳದ ಮಾತ್ರೆ ನುಂಗಿ ಆರು ತಿಂಗಳಾಗಿರಲಿಲ್ಲ, ಮತ್ತೆ ಗೇಣುದ್ದದ ಹುಳ ಬಿತ್ತು. ಆಶಾ ಕಾರ್ಯಕರ್ತೆ ರೇವತಿ ಮತ್ತೊಂದು ಮಾತ್ರೆ ತಂದಳು. ಇದು ಹೊಟ್ಟೆಯಲ್ಲಿರುವ ಹುಳವನ್ನು ಕೊಲ್ಲುತ್ತದೆ, ನಾಳೆ ಒಳಹೋಗುವ ಮೊಟ್ಟೆಯನ್ನು ತಡೆಯುವುದಿಲ್ಲ ಎಂದಳು. ಕಣ್ಣಿಗೆ ಕಾಣದ ಆ ಮೊಟ್ಟೆ ಮಲದಿಂದ ಮಣ್ಣಿಗೆ, ಮಣ್ಣಿನಿಂದ ನೀರಿಗೆ, ಕೈಗೆ, ಬಾಯಿಗೆ ಬರುತ್ತದಂತೆ. ಬ್ಲೀಚಿಂಗ್ ಪುಡಿಗೆ ಜಗ್ಗುವುದಿಲ್ಲ, ಕುದಿಸಿದರೆ ಸಾಯುತ್ತದಂತೆ.

ನೀರಿನ ಮಾತು ಬಂದದ್ದು ಜಮಾಲುದ್ದೀನರಿಗೆ ಹಿಡಿಸಲಿಲ್ಲ.

"ನಾ ಬಿಡೋ ನೀರಾಗ ಹುಳ ಇಲ್ಲಮ್ಮ."

"ಬಿಡೋ ನೀರಾಗ ಇಲ್ಲ ಚಾಚಾ. ನಿಲ್ಸಿದ ಮ್ಯಾಲೆ ಪೈಪು ಏನ್ ಮಾಡ್ತೈತೆ, ನೀವೇ ಹೇಳ್ರಿ."

ಪೈಪು ಏನು ಮಾಡುತ್ತದೆಂದು ಅವರಷ್ಟು ಬಲ್ಲವರು ಓಣಿಯಲ್ಲಿಲ್ಲ. ವಾಲ್ವ್ ಮುಚ್ಚಿದೊಡನೆ ಅದು ಹಿಂದಕ್ಕೆ ಎಳೆಯುತ್ತದೆ. ತೆರೆದ ನಲ್ಲಿ ಮುಳುಗಿದ್ದರೆ ಗುಂಡಿಯ ನೀರನ್ನೇ ಎಳೆಯುತ್ತದೆ. ಮರುಸಲ ಮೊದಲ ಕೊಡಕ್ಕೆ ಬೀಳುವುದು ಅದೇ. ಮೊದಲ ಕೊಡವನ್ನು ಎಲ್ಲರ ಮನೆಯಲ್ಲೂ ಕುಡಿಯಲು ಎತ್ತಿಡುತ್ತಾರೆ.

ಅವರು ಸಾಯಿಮಾಳ ಹೊಟ್ಟೆಯನ್ನು ನೋಡಿದರು. ಗಡಿಯಾರ ನೋಡಿದರು; ನೀರು ಬಿಡಲು ಇನ್ನೂ ಹೊತ್ತಿತ್ತು. ಎದ್ದು ಮೂಲೆಯಲ್ಲಿದ್ದ, ನಲ್ಲಿ ಬಿಚ್ಚುವ ಪಾನಾ ತೆಗೆದುಕೊಂಡರು.

ಹೆಂಡತಿ ದಿಲ್ಷಾದ್ ಬೇಗಂಗೆ ಅಷ್ಟರಲ್ಲೇ ಅರ್ಥವಾಯಿತು. ಇನ್ನು ಮೇಲೆ ಕುದಿಸಿಯೇ ಕುಡಿಸುತ್ತೇನೆ, ನಲ್ಲಿ ಮಾತ್ರ ಇದ್ದಲ್ಲೇ ಇರಲಿ ಎಂದರು. ಕುದಿಸುವುದೂ ಬೇಕು, ನಲ್ಲಿ ಮೇಲೆ ಬರುವುದೂ ಬೇಕು, ಸಾಬೂನು ಹಚ್ಚಿ ಕೈ ತೊಳೆಯುವುದೂ ಬೇಕು ಎಂದಳು ರೇವತಿ.

"ನೀನು ಹೇಳಿ ಹೋಗ್ತೀಯವ್ವ. ಎರಡು ಕೊಡ ಕಮ್ಮಿ ಬಿದ್ರೆ ಯಾರ ಬಾಗಿಲಿಗೆ ಹೋಗ್ಲಿ? ಓಣಿಯೋರೆಲ್ಲ ನಲ್ಲಿ ಮ್ಯಾಲೆ ಎತ್ಲಿ, ಆಮ್ಯಾಲೆ ನಾವು ಎತ್ತಿದ್ರಾತು," ಎಂದು ದಿಲ್ಷಾದ್ ಗಂಡನ ಕಡೆ ತಿರುಗಿದರು. "ಏನ್ರಿ, ನಾ ಹೇಳೋದು ತಪ್ಪಾ? ಮೊದ್ಲು ನಾವೇ ಯಾಕ..."

ಜಮಾಲುದ್ದೀನ್ ಆಗಲೇ ಹೊಸ್ತಿಲು ದಾಟಿ ಗುಂಡಿಯ ಕಡೆ ನಡೆದಿದ್ದರು.