ಬಾಗಿಲ ಮೊಳೆಗೆ ತೂಗಿದ ಬೀಟ್ ಪುಸ್ತಕ

ನಮ್ಮ ಮನೆಯ ತಲೆಬಾಗಿಲ ಪಕ್ಕದಲ್ಲಿ ಒಂದು ಮೊಳೆ ಇತ್ತು. ಅದಕ್ಕೆ ಸೆಣಬಿನ ದಾರ ಕಟ್ಟಿ ಒಂದು ಪುಸ್ತಕ ತೂಗುಹಾಕಿದ್ದರು. ಕೆಂಪು ರಟ್ಟು, ಒಳಗೆ ಕಾಲಂ ಎಳೆದ ಹಾಳೆ. ಆ ಪುಸ್ತಕ ಇವತ್ತು ಕೈಗೆ ಸಿಕ್ಕರೆ ಸೀದಾ ಬಚ್ಚಲ ಒಲೆಗೆ ಹಾಕುತ್ತೇನೆ. ಈ ವಯಸ್ಸಿನಲ್ಲಿ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ಮನೆಯವರು ಹೇಳುತ್ತಾರೆ. ಹೇಳಲಿ.

ಸ್ವಾತಂತ್ರ್ಯ ಬಂದು ಐದಾರು ವರ್ಷ ಕಳೆದಿತ್ತು. ಜಯಲಕ್ಷ್ಮಿಪುರಂನಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಗಂಡಸರು ಕೆಲಸಕ್ಕೆ ಹೋಗಿ, ಹೆಂಗಸರು ಊಟ ಮುಗಿಸಿ ಚಾಪೆಯ ಮೇಲೆ ಅಡ್ಡಾಗುವ ಹೊತ್ತಿಗೆ ಅಂಗಳದಲ್ಲಿ ತೊಳೆದಿಟ್ಟ ಕೊಳದಪ್ಪಲೆ, ಒಣಗಿಹಾಕಿದ ಸೀರೆ ಮಾಯವಾಗತೊಡಗಿದವು. ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರು ಭಜನೆ ಮನೆಯಲ್ಲಿ ಬೀದಿಯವರ ಸಭೆ ಕರೆದರು. ತೆಳ್ಳಗೆ, ನೆಟ್ಟಗೆ ಇದ್ದ ಮನುಷ್ಯ. ಮಾತು ಬೆಣ್ಣೆ.

"ನಾವೀಗ ರಾಜರ ಪೊಲೀಸರಲ್ಲ, ನಿಮ್ಮ ಪೊಲೀಸರು. ಕಾಯೋ ಕೆಲಸ ನಮ್ಮೊಬ್ಬರದೇ ಅಲ್ಲ, ನಿಮ್ಮದೂ ಹೌದು. ನೀವೂ ನಾವೂ ಸೇರಿಕೊಂಡ್ರೆ ಕಳ್ಳ ಎಲ್ಲಿ ಹೋಗ್ತಾನೆ?" ಎಂದರು.

ಎಲ್ಲರೂ ಚಪ್ಪಾಳೆ ಹೊಡೆದರು. ಹಗಲು ಹೊತ್ತು ಒಬ್ಬ ಪೇದೆ ಭಾನುವಾರ ಬಿಟ್ಟು ದಿನವೂ ಮೂರು ಗಂಟೆ ಸುಮಾರಿಗೆ ನಮ್ಮ ಬೀದಿ ಸುತ್ತಬೇಕು, ಸುತ್ತಿದ್ದಕ್ಕೆ ಗುರುತಾಗಿ ಬೀದಿಯ ಒಬ್ಬ ಮರ್ಯಾದಸ್ಥರ ಮನೆಯಲ್ಲಿಟ್ಟ ಪುಸ್ತಕದಲ್ಲಿ ರುಜು ಹಾಕಬೇಕು ಎಂದು ತೀರ್ಮಾನವಾಯಿತು. ನಮ್ಮ ತಂದೆ ಹೈಸ್ಕೂಲು ಮೇಷ್ಟ್ರು, ಬೀದಿಗೆಲ್ಲ ಬೇಕಾದವರು. ಪುಸ್ತಕ ನಮ್ಮ ಮನೆಗೆ ಬಂತು. ತಂದೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಮೊಳೆಗೆ ತೂಗುಹಾಕಿದರು.

ಬೀಟಿಗೆ ಬಂದ ಪೇದೆ ವಯಸ್ಸಾದವರು. ಪಿಂಚಣಿಗೆ ಎರಡು ವರ್ಷ ಉಳಿದಿತ್ತು. ಮಂಡಿ ಎರಡೂ ಊದಿಕೊಂಡಿದ್ದವು. ಬರೀ ಪೇದೆಯಾದರೂ ಬೀದಿಯವರೆಲ್ಲ ಅವರನ್ನು ದಫೇದಾರ್ರೇ ಎಂದೇ ಕರೆಯುತ್ತಿದ್ದೆವು, ಅವರಿಗೂ ಅದು ಹಿತವಾಗಿತ್ತು. ತಪ್ಪಿಸಿಕೊಂಡ ಹಸುವನ್ನು ಹಿಡಿದು ತರುತ್ತಿದ್ದರು, ನನ್ನ ತಂಗಿಗೆ ನೇರಳೆಹಣ್ಣು ತಂದುಕೊಡುತ್ತಿದ್ದರು. ಮೊದಲ ತಿಂಗಳು ದಿನಾ ಬಂದರು. ಆಮೇಲೆ ನಮ್ಮ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುವುದನ್ನು ನೋಡಿ ಅಮ್ಮನೇ ಕರಗಿದಳು.

"ಅಷ್ಟು ದೂರದಿಂದ ದಿನಾ ಯಾಕೆ ಬರ್ತೀರಿ ದಫೇದಾರ್ರೇ? ಸೋಮವಾರ ಬಂದು ವಾರದ್ದೆಲ್ಲ ಒಟ್ಟಿಗೆ ರುಜು ಮಾಡಿ, ಕಾಫಿ ಕುಡಿದು ಹೋಗಿ. ನಾವೇನು ಹೇಳ್ತೀವಾ ಯಾರಿಗಾದ್ರೂ?"

ಹಾಗೆ ಶುರುವಾಯಿತು. ಅಮ್ಮನದು ಕರುಣೆಯೇ, ಅದರಲ್ಲಿ ಮೋಸವಿರಲಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು. ಸೋಮವಾರ ಬೆಳಿಗ್ಗೆ ದಫೇದಾರರು ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತು ಕಾಫಿ, ಕೋಡುಬಳೆ ಮುಗಿಸಿ ಅವತ್ತಿನಿಂದ ಬರುವ ಶನಿವಾರದ ತನಕ ಆರು ರುಜು ಹಾಕುತ್ತಿದ್ದರು. ಅವರಿಗೆ ರುಜುವಿನಾಚೆ ಬರೆಯುವುದು ಕಷ್ಟ. ತಾರೀಖು, ಗಂಟೆ, ಷರಾ ಬರೆಯುವ ಕೆಲಸ ನನ್ನದಾಯಿತು.

ನನಗಾಗ ಹದಿನೆಂಟು. ಇಂಟರ್‌ಮೀಡಿಯೆಟ್ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು. ಎಲ್ಲ ದಿನಕ್ಕೂ ಮೂರು ಗಂಟೆ ಎಂದು ಬರೆದರೆ ಅನುಮಾನ ಬಂದೀತೆಂದು ಒಂದು ದಿನ ಮೂರು ಗಂಟೆ ಐದು ನಿಮಿಷ, ಇನ್ನೊಂದು ದಿನ ಎರಡು ಐವತ್ತು ಎಂದು ಬರೆಯುತ್ತಿದ್ದೆ. ಷರಾ ಕಾಲಂನಲ್ಲಿ "ಬೀದಿ ಶಾಂತ". ನನ್ನ ಜಾಣತನಕ್ಕೆ ತಂದೆ ನಕ್ಕಿದ್ದರು. ತಿಂಗಳ ಕೊನೆಯ ಶನಿವಾರ ಸಂಜೆ ಇನ್ಸ್‌ಪೆಕ್ಟರು ಬಂದು ಹಾಳೆ ತಿರುವಿ, ಇಂಥ ಪುಸ್ತಕ ಮೈಸೂರಿನಲ್ಲೇ ಇಲ್ಲ ಎಂದು ಹೊಗಳಿ ಹೋಗುತ್ತಿದ್ದರು. ಇತರ ಬೀದಿಯವರಿಗೂ ತೋರಿಸಲು ಕೊಂಡುಹೋದದ್ದುಂಟು.

ಒಂದು ಬುಧವಾರ ಮೂಲೆಮನೆಯಲ್ಲಿ ಬೆಳ್ಳಿ ಚೊಂಬು ಕಳುವಾಯಿತು. ಅದು ರಿಟೈರಾದ ಅಮಲ್ದಾರರ ಮನೆ. ಅಮಲ್ದಾರರ ಹೆಂಡತಿ ನಡುಮನೆಯಲ್ಲಿ ಬಾಗಿಲು ತೆರೆದಿಟ್ಟೇ ಮಲಗಿದ್ದರಂತೆ, ಎರಡೂವರೆಗೆ ಇದ್ದ ಚೊಂಬು ಅವರು ಎದ್ದಾಗ ಇರಲಿಲ್ಲವಂತೆ. ಕದ್ದವರು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕದಿಯದವರು ಯಾರೆಂದು ಮಾತ್ರ ಗೊತ್ತು.

ಗುರುವಾರ ಬೆಳಿಗ್ಗೆ ಇನ್ಸ್‌ಪೆಕ್ಟರು ದಫೇದಾರರನ್ನು ಕರೆದುಕೊಂಡು ನೇರ ನಮ್ಮ ಮನೆಗೆ ಬಂದರು. ಹಿಂದೆಯೇ ಅರ್ಧ ಬೀದಿ. ಮೊಳೆಯಿಂದ ಪುಸ್ತಕ ತೆಗೆದು ಆ ವಾರದ ಹಾಳೆ ತೆರೆದರು. ಬುಧವಾರ, ಮೂರು ಗಂಟೆ ಐದು ನಿಮಿಷ, ಬೀದಿ ಶಾಂತ, ರುಜು. ಅದರ ಕೆಳಗೆ ಗುರುವಾರ, ಎರಡು ಐವತ್ತು, ಬೀದಿ ಶಾಂತ, ರುಜು. ಆಗಿನ್ನೂ ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ. ಅದರ ಕೆಳಗೆ ಶುಕ್ರವಾರ, ಶನಿವಾರ.

ತಂದೆ ನೆಲ ನೋಡುತ್ತಿದ್ದರು. ದಫೇದಾರರ ಮುಖದಲ್ಲಿ ರಕ್ತವಿರಲಿಲ್ಲ. ಇನ್ಸ್‌ಪೆಕ್ಟರು ಈಗ ಸಿಡಿಯುತ್ತಾರೆ ಎಂದುಕೊಂಡೆ. ಸಿಡಿದಿದ್ದರೆ ಇವತ್ತು ಅವರಿಗೆ ಕೈಯೆತ್ತಿ ಮುಗಿಯುತ್ತಿದ್ದೆ. ಇನ್ಸ್‌ಪೆಕ್ಟರು ಬೆರಳನ್ನು ಗುರುವಾರದ ಸಾಲಿನ ಮೇಲೆ ಒಂದು ಗಳಿಗೆ ಇಟ್ಟು, ತೆಗೆದು, ಪುಸ್ತಕ ಮುಚ್ಚಿದರು.

"ಪುಸ್ತಕ ಇಲ್ಲೇ ಇರಲಿ ಮೇಷ್ಟ್ರೇ. ಶನಿವಾರ ಸಂಜೆ ತಗೊಂಡು ಹೋಗ್ತೀನಿ" ಎಂದರು.

ಶನಿವಾರ ಸಂಜೆಯ ಹೊತ್ತಿಗೆ ಆ ಹಾಳೆಯಲ್ಲಿದ್ದ ದಿನಗಳೆಲ್ಲ ಕಳೆದು ಹೋಗಿರುತ್ತವೆ. ಆಗ ಅದರಲ್ಲಿ ತಪ್ಪು ಹುಡುಕಲು ಯಾರಿಂದಲೂ ಆಗುವುದಿಲ್ಲ. ಅಷ್ಟು ಜನರ ನಡುವೆ ಅದು ಅರ್ಥವಾದದ್ದು ನಮ್ಮ ಮನೆಯವರಿಗೂ ದಫೇದಾರರಿಗೂ ಮಾತ್ರ.

ಆಮೇಲೆ ಅವರು ದಫೇದಾರರ ಕಡೆ ತಿರುಗಿದರು. "ನಿನ್ನೆ ಮೂರು ಗಂಟೆಗೆ ಬೀದಿಯಲ್ಲೇ ಇದ್ರಿ. ಯಾರನ್ನ ನೋಡಿದ್ರಿ?"

ಬಂದಿರಲಿಲ್ಲ ಎಂದರೆ ಕೆಲಸ ಹೋಗುತ್ತದೆ. ಬಂದಿದ್ದೆ, ಯಾರನ್ನೂ ನೋಡಲಿಲ್ಲ ಎಂದರೆ ಕಣ್ಣೆದುರಿಗೇ ಕಳ್ಳತನವಾದರೂ ಗೊತ್ತಾಗದ ಪೇದೆ ಎಂದಾಗುತ್ತದೆ. ದಫೇದಾರರು ತುಟಿ ಒದ್ದೆ ಮಾಡಿಕೊಂಡು ನಿಂತರು. ಅಮಲ್ದಾರರ ಹೆಂಡತಿ ಹಿಂದಿನಿಂದ, "ಮಧ್ಯಾಹ್ನದ ಹೊತ್ತು ಆ ಮೊಸರಿನವಳನ್ನ ಬಿಟ್ರೆ ಇನ್ಯಾರು ಬರ್ತಾರೆ ಇಲ್ಲಿಗೆ?" ಎಂದರು. ದಫೇದಾರರು ಹೌದೆಂಬಂತೆ ತಲೆಯಾಡಿಸಿದರು. ಬಾಯಲ್ಲಿ ಏನೂ ಹೇಳಲಿಲ್ಲ, ಬರೀ ತಲೆಯಾಡಿಸಿದರು.

ಇನ್ಸ್‌ಪೆಕ್ಟರು ಪುಸ್ತಕ ಮತ್ತೆ ತೆರೆದರು. "ಅಕ್ಷರ ಯಾರದು ಮೇಷ್ಟ್ರೇ?"

"ನಮ್ಮ ಮಗಳದು."

"ಚೆನ್ನಾಗಿದೆ. ನೋಡಮ್ಮ, ಬುಧವಾರದ ಷರಾದಲ್ಲಿ ದಫೇದಾರ್ರು ಹೇಳಿದ್ದು ಬಿಟ್ಟುಹೋಗಿದೆ. ಜಾಗ ಇದೆ, ಬರೆದುಬಿಡು."

ತಂದೆಯ ಮುಖ ನೋಡಿದೆ. ಅವರು ತಮ್ಮ ಜೇಬಿನ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಬರೆದೆ. "ಮೊಸರು ಮಾರುವ ಹೆಂಗಸು ಮೂಲೆಮನೆಯ ಗೇಟಿನ ಬಳಿ." ದುಂಡಗೆ ಬರೆದೆ.

ಆ ಹೆಂಗಸು ಕಡಕೊಳದವರು. ದಿನ ಬಿಟ್ಟು ದಿನ ಬೆಳಗಿನ ರೈಲಿಗೆ ಮೊಸರಿನ ಗಡಿಗೆ ಹೊತ್ತು ಬಂದು, ನಮ್ಮ ಬೀದಿಯ ಹತ್ತು ಹನ್ನೆರಡು ಮನೆಗೆ ಅಳೆದು, ನಮ್ಮ ಜಗಲಿಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಮಧ್ಯಾಹ್ನ ಒಂದು ಗಂಟೆ ಹೊಡೆಯುವುದರೊಳಗೆ ಎದ್ದು ಊರಿನ ರೈಲು ಹಿಡಿಯಲು ನಡೆಯುತ್ತಿದ್ದರು. ಆ ಬುಧವಾರವೂ ಹಾಗೇ. ಕುಡಿಯಲು ನೀರು ಕೊಟ್ಟವಳು ನಾನು. ಖಾಲಿ ಗಡಿಗೆ ತಲೆಗೆತ್ತಿಕೊಟ್ಟವಳೂ ನಾನು. ಆ ಹೊತ್ತಿಗೆ ನಮ್ಮ ಗಡಿಯಾರ ಹನ್ನೆರಡೂ ಮುಕ್ಕಾಲು ತೋರಿಸುತ್ತಿತ್ತು. ಹಾಗಿದ್ದೂ ಬರೆದೆ.

ಶುಕ್ರವಾರ ಅವರು ಎಂದಿನಂತೆ ಬಂದರು. ನಮ್ಮ ಬಾಗಿಲಲ್ಲಿ ಗಡಿಗೆ ಇಳಿಸುತ್ತಿದ್ದ ಹಾಗೇ ದಫೇದಾರರೂ ಇನ್ನೊಬ್ಬ ಪೇದೆಯೂ ಬಂದು ನಡೆ ಎಂದರು. ಮೊಸರಿನವರಿಗೆ ಮೊದಲು ಅರ್ಥವಾಗಲಿಲ್ಲ, ನಕ್ಕರು. ಅರ್ಥವಾದ ಮೇಲೆ ನನ್ನ ಕಡೆ ತಿರುಗಿದರು.

"ಅವ್ವಾ, ನಾನು ಅವತ್ತು ರೈಲಿಗೆ ಓಗ್ಬುಟ್ಟೆ ಕಣವ್ವ. ನೀನೇ ನೀರು ಕೊಟ್ಟೆಯಲ್ಲ. ಯೋಳವ್ವ ಇವರ್ಗೆ."

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಪಾತ್ರೆ ತರುವ ನೆಪದಲ್ಲಿ ಒಳಗೆ ಹೋದಳು. ಎದುರುಮನೆಯವರು, ಪಕ್ಕದ ಮನೆಯವರು ಎಲ್ಲರೂ ಬಾಗಿಲಲ್ಲಿ ನಿಂತಿದ್ದರು. ಮೂರು ಗಂಟೆಗೆ ಬೀದಿಯಲ್ಲಿ ದಫೇದಾರರಿರುವುದಿಲ್ಲ, ಮೊಸರಿನವರೂ ಇರುವುದಿಲ್ಲ ಎಂದು ಒಬ್ಬೊಬ್ಬರಿಗೂ ಗೊತ್ತಿತ್ತು. ಬಾಯಿ ಬಿಟ್ಟವರಿಲ್ಲ. ದಫೇದಾರರು ನಮ್ಮವರಲ್ಲವೇ! ಪಾಪ, ಮಂಡಿನೋವು. ಪಾಪ, ಇನ್ನೆರಡು ವರ್ಷ. ಭಜನೆ ಮನೆಯ ಸಭೆಗೆ ಮೊಸರಿನವರನ್ನು, ತರಕಾರಿಯವರನ್ನು, ಮುಸುರೆ ತಿಕ್ಕುವವರನ್ನು ಯಾರೂ ಕರೆದಿರಲಿಲ್ಲ. ಜನ ಎಂದರೆ ಇನ್ಸ್‌ಪೆಕ್ಟರಿಗೂ ನಮಗೂ ಗೇಟಿನ ಒಳಗಿದ್ದವರು ಮಾತ್ರ.

ಕೋರ್ಟಿನ ಹಿಂದಿನ ದಿನ ತಂದೆಯ ಹತ್ತಿರ ಹೋಗಿ, "ನಾನೂ ಬರ್ತೀನಿ. ಬರೆದದ್ದು ನಾನು ಅಂತ ಹೇಳ್ತೀನಿ" ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಬಾ, ಹೇಳು. ಆ ಮುದುಕನ ಪಿಂಚಣಿ ಹೋಗುತ್ತೆ. ನನ್ನ ಕೆಲಸ ಹೋಗುತ್ತೆ. ಸುಳ್ಳು ಬರೆದವಳು ಅಂತ ನಿನ್ನನ್ನೂ ಕಟಕಟೆ ಹತ್ತಿಸ್ತಾರೆ. ಆಮೇಲೆ ನಿನ್ನನ್ನ ಯಾರು ಮದುವೆ ಆಗ್ತಾರೆ ಕಣೇ?"

ನಾನು ಹೋಗಲಿಲ್ಲ. ತಂದೆ ತಡೆದರು ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಅವರೇನೂ ಕಾಲಿಗೆ ಹಗ್ಗ ಕಟ್ಟಿರಲಿಲ್ಲ. ನನಗೆ ಹೆದರಿಕೆಯಾಯಿತು, ಅಷ್ಟೆ.

ತಂದೆ ಕೋಟು ಹಾಕಿಕೊಂಡು ಹೋಗಿ ಸಾಕ್ಷಿ ಹೇಳಿದರು. ಪುಸ್ತಕ ತಮ್ಮ ಬಾಗಿಲಲ್ಲೇ ಇರುತ್ತದೆ ಎಂದರು, ರುಜು ಆ ಪೇದೆಯದೇ ಎಂದರು. ಒಂದು ಮಾತೂ ಸುಳ್ಳಾಡಲಿಲ್ಲ, ಬಂದು ಸ್ನಾನ ಮಾಡಿ ಊಟಕ್ಕೆ ಕೂತರು. ಆ ಹೆಂಗಸಿಗೆ ಮೂರು ತಿಂಗಳ ಸಜಾ ಆಯಿತು. ಚೊಂಬು ಸಿಗಲೇ ಇಲ್ಲ. ಆ ಆಷಾಢದಲ್ಲೂ ತಂದೆ ಎಂದಿನಂತೆ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದು ಪ್ರಸಾದ ಕೊಟ್ಟರು. ನಾನು ತೆಗೆದುಕೊಂಡು ಕಿಟಕಿಯಾಚೆ ಎಸೆದೆ. ಅದನ್ನೂ ಅವರು ಕಾಣದಂತೆ ಎಸೆದೆ.

ಹಳೆಯ ಪುಸ್ತಕ ಕೋರ್ಟಿನಲ್ಲಿ ಉಳಿಯಿತು. ಅದೇ ಮೊಳೆಗೆ ಹೊಸ ಪುಸ್ತಕ ಬಂತು. ಸೋಮವಾರ ದಫೇದಾರರು ಬಂದರು, ಆರು ರುಜು ಹಾಕಿದರು, ನಾನು ಗಂಟೆಗಳನ್ನು ತುಂಬಿದೆ. ಹೌದು, ಅದೆಲ್ಲ ಆದ ಮೇಲೂ. ಬದಲಾದದ್ದು ಒಂದೇ, ಅವರು ನನ್ನ ಮುಖ ನೋಡುತ್ತಿರಲಿಲ್ಲ, ಕಾಫಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಅವರು ನಿವೃತ್ತರಾದಾಗ ಬೀದಿಯವರು ಶಾಲು ಹೊದಿಸಿ ಹಾರ ಹಾಕಿದರು.

ಅದಕ್ಕೂ ಮುಂಚೆ, ಸಜಾ ಮುಗಿದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ ಮೊಸರಿನವರು ಬಂದರು. ತಲೆಯ ಮೇಲೆ ಗಡಿಗೆ ಇರಲಿಲ್ಲ. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಬಯ್ಯಲು ಬಂದಿದ್ದಾರೆ ಎಂದುಕೊಂಡೆ. ಬೈದರೆ ಸಾಕೆಂದು ಕಾದೆ. ಅವರು ಜಗಲಿ ಹತ್ತಲಿಲ್ಲ, ಮೆಟ್ಟಿಲ ಕೆಳಗೇ ನಿಂತು ಮೊಳೆ ಕಡೆ ಕೈ ತೋರಿಸಿದರು.

"ಇದ್ರಾಗೇನವ್ವ ನನ್ನ ಬರ್ದಿದ್ದು?"

"ಅದಲ್ಲ. ಇದು ಬೇರೆ ಪುಸ್ತಕ."

"ಬರ್ದೋರು ಯಾರು ಅಂತ ಕೋರ್ಟ್ನಾಗೆ ಕೇಳ್ದೆ. ಯಾರೂ ಯೋಳ್ನಿಲ್ಲ."

"ನಾನು" ಎಂದೆ.

ಅವರು ಮೆಲ್ಲಗೆ, "ಅಂಗಾದ್ರೆ ಇವತ್ತೂ ಬರಿ. ಇವತ್ತು ನಿಜವಾಗ್ಲೂ ಬಂದಿವ್ನಲ್ಲ" ಎಂದರು.

ನಾನು ಪುಸ್ತಕ ತೆಗೆದು, ಒಳಗೆ ಹೋಗಿ ಗಡಿಯಾರ ನೋಡಿ ಬಂದು ಬರೆದೆ. ಮಂಗಳವಾರ, ಹತ್ತು ಇಪ್ಪತ್ತು. ಕಡಕೊಳದ ಮೊಸರಿನವರು ಬಂದಿದ್ದರು. ಓದಿ ಹೇಳಿದೆ. ಅವರು ಕೇಳಿಸಿಕೊಂಡು, ಸೆರಗು ಹೊದ್ದು ಹೊರಟುಹೋದರು. ಮತ್ತೆ ನಮ್ಮ ಬೀದಿಗೆ ಬರಲಿಲ್ಲ.

ಸಂಜೆ ತಂದೆ ಸ್ಕೂಲಿನಿಂದ ಬಂದವರು ಚಪ್ಪಲಿ ಬಿಡುತ್ತಲೇ, ಜಗಲಿಯ ಮೇಲೆ ನಾನು ತೆರೆದೇ ಬಿಟ್ಟಿದ್ದ ಪುಸ್ತಕದಲ್ಲಿ ಅದನ್ನು ನೋಡಿದರು. ಹರಿದದ್ದು ಕಾಣದಂತೆ ಹಾಳೆಯನ್ನು ಹೊಲಿಗೆಯ ಬುಡದಿಂದ ನಿಧಾನವಾಗಿ ಹರಿದು ಒಲೆಗೆ ಹಾಕಿದರು. ದಫೇದಾರರನ್ನು ಕರೆಸಿ ಹೊಸ ಹಾಳೆಯ ಮೇಲೆ ಆರು ರುಜು ಹಾಕಿಸಿದರು. ಆ ವಾರದ ಗಂಟೆಗಳನ್ನೆಲ್ಲ ಮತ್ತೆ ಬರೆಯಬೇಕಾಗಿತ್ತು, ಮಂಗಳವಾರದ್ದೂ ಸೇರಿಸಿ. ತಂದೆ ಪೆನ್ನು ಚಾಚಿದರು.

ಮಂಗಳವಾರ, ಮೂರು ಗಂಟೆ ಹತ್ತು ನಿಮಿಷ, ಬೀದಿ ಶಾಂತ. ಬರೆದವಳು ನಾನೇ.