ಅರವತ್ತೆರಡು ಜನರ ಎರಡು ನಿಮಿಷ

ನಮ್ಮ ಡಿಪೋದಲ್ಲಿ ಬಸ್ಸುಗಳ ವೇಳಾಪಟ್ಟಿ ಬರೆಯುತ್ತಿದ್ದ ಗುಮಾಸ್ತನನ್ನು ನಾವೆಲ್ಲ ತಕ್ಕಡಿ ಎನ್ನುತ್ತಿದ್ದೆವು. ಎದುರಿಗೆ ಮಾತ್ರ ಅಣ್ಣ. ಈಗ ಅವನ ಬಗ್ಗೆ ಜನ ಬಾಯಿಗೆ ಬಂದಂತೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಎಲುಬಿಲ್ಲದ ನಾಲಿಗೆ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಈ ಸಂಕಟವೇ ಇರುತ್ತಿರಲಿಲ್ಲ. ಎರಡು ಮಾತು ಬೈದು ನೆಮ್ಮದಿಯಾಗಿ ಮಲಗುತ್ತಿದ್ದೆ.

ಅವನ ಕೋಣೆ ಮೆಟ್ಟಿಲ ಕೆಳಗಿತ್ತು. ಒಂದು ಮೇಜು, ಬಸ್ ತೊಳೆಯುವ ಜಾಗಕ್ಕೆ ತೆರೆದ ಒಂದು ಕಿಟಕಿ, ಗೋಡೆ ತುಂಬ ಕೆಂಪು ನೀಲಿ ಗೆರೆ ಎಳೆದ ಹಾಳೆಗಳು. ಯಾವ ಬದಲಾವಣೆ ಮಾಡುವಾಗಲೂ ಒಂದೇ ಪ್ರಶ್ನೆ: ಎಷ್ಟು ಜನಕ್ಕೆ ಸುಖ, ಎಷ್ಟು ಜನಕ್ಕೆ ಕಷ್ಟ? ಮುಖ ನೋಡಿ ಮಣೆ ಹಾಕುವ ಜಾತಿಯವನಲ್ಲ. ಪುರಸಭೆ ಅಧ್ಯಕ್ಷರ ಭಾವಮೈದ ತನ್ನ ಅಂಗಡಿ ಮುಂದೆ ಸ್ಟಾಪ್ ಬೇಕೆಂದು ಬಂದಾಗ, ಕೂರಿಸಿ ಟೀ ಕುಡಿಸಿ, ಹಾಳೆ ತೋರಿಸಿ ವಾಪಸು ಕಳಿಸಿದ. ಅವನು ಮೊಟ್ಟಮೊದಲು ತೆಗೆದದ್ದು ತನ್ನ ಮನೆ ಮುಂದಿನ ಸ್ಟಾಪನ್ನೇ. ಮಂಡಿನೋವಿನ ತಾಯಿ ಎಂಟು ದಿನ ಅವನ ಜೊತೆ ಮಾತು ಬಿಟ್ಟರು.

"ನಮ್ಮಮ್ಮ ಆದ್ರೇನಪ್ಪ, ಲೆಕ್ಕದಲ್ಲಿ ಅವಳೂ ಒಬ್ಬಳೇ ತಾನೇ?" ಎಂದಿದ್ದ ನನ್ನ ಹತ್ತಿರ.

ಬೆಳಗಿನ ಒಂದು ಬಸ್ಸನ್ನು ಆಸ್ಪತ್ರೆಯ ಹಿಂಬಾಗಿಲ ಕಡೆ ತಿರುಗಿಸಿದವನೂ ಅವನೇ. ದಿನಕ್ಕೆ ತೊಂಬತ್ತು ರೋಗಿಗಳಿಗೆ ನಡೆಯುವುದು ತಪ್ಪಿತು. ಅದಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಇನ್ನು ನನ್ನ ಕಥೆ. ಇಪ್ಪತ್ತಮೂರು ವರ್ಷದಿಂದ ಕಂಡಕ್ಟರ್. ನನ್ನದು ಬೆಳಗ್ಗೆ ಆರರ ಬಸ್ಸು, ರೈಲು ನಿಲ್ದಾಣಕ್ಕೆ ಹೋಗುವುದು. ಬಸ್ ತುಂಬ ಕಾರ್ಖಾನೆಯವರು, ಅರವತ್ತೆರಡು ಜನ. ಆರೂ ನಲವತ್ತರ ರೈಲು ತಪ್ಪಿತೋ, ಅಷ್ಟೂ ಜನರ ಅರ್ಧ ದಿನದ ರಜೆ ಕತ್ತರಿಸುತ್ತಾರೆ. ತಿಂಗಳಿಗೆ ಎರಡು ಮೂರು ಸಲ ತಪ್ಪುತ್ತಲೂ ಇತ್ತು.

ದಾರಿಯಲ್ಲಿ ಒಂದು ಸ್ಟಾಪಿನಲ್ಲಿ ಹತ್ತುತ್ತಿದ್ದವಳು ಒಬ್ಬಳೇ: ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದ ಲಾಂಡ್ರಿಯಕ್ಕ. ಎಡಗಾಲು ಮಂಡಿಯಿಂದ ಕೆಳಗೆ ಇರಲಿಲ್ಲ. ಮೊದಲು ಊರುಗೋಲನ್ನು ನನ್ನ ಕೈಗೆ ಕೊಡುತ್ತಿದ್ದಳು, ಆಮೇಲೆ ಕಂಬಿ ಹಿಡಿಯುತ್ತಿದ್ದಳು, ನಾನು ರಟ್ಟೆ ಹಿಡಿದು ಎತ್ತುತ್ತಿದ್ದೆ. "ಭಾರ ಆದ್ನೇನೋ ಅಣ್ಣ? ಒಂದು ಕಾಲಿನ ತೂಕ ಕಮ್ಮಿ ಇದೆಯಲ್ಲೋ," ಎಂದು ದಿನಾ ನಗಿಸುತ್ತಿದ್ದಳು. ಇಷ್ಟಕ್ಕೆಲ್ಲ ಎರಡು ನಿಮಿಷ.

ನಾವು ದಿನವೂ ತಡದ ಹಾಳೆ ತುಂಬಬೇಕು. ಯಾವ ಸ್ಟಾಪು, ಎಷ್ಟು ಜನ ಹತ್ತಿದರು, ಎಷ್ಟು ನಿಮಿಷ. ನಾನು ಗೊಣಗುತ್ತಲೇ ಬರೆಯುತ್ತಿದ್ದೆ: ಹತ್ತಿದವರು ಒಬ್ಬರು, ತಡ ಎರಡು ನಿಮಿಷ. ಆ ಒಬ್ಬರು ಯಾರು, ಹೇಗಿದ್ದಾರೆ ಎಂದು ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ ಗೀಚಬಹುದಿತ್ತು. ಗೀಚಲಿಲ್ಲ, ನನ್ನ ಕೈಗೇನು ರೋಗ ಬಂದಿತ್ತೋ!

ಒಂದು ವರ್ಷದ ಹಾಳೆ ನೋಡಿ ತಕ್ಕಡಿ ಆ ಸ್ಟಾಪ್ ತೆಗೆದ. ಮರುದಿನ ಲಾಂಡ್ರಿಯಕ್ಕ ಡಿಪೋಗೆ ಬಂದಳು. ಕೋಲು ಕಂಡಾಗ ಅವನ ಮುಖ ಸಣ್ಣದಾಯಿತು. ಆದರೂ ಕೂರಿಸಿ ಹಾಳೆ ತೋರಿಸಿದ.

"ನೋಡಮ್ಮ, ಅರವತ್ತೆರಡು ಜನ, ತಲಾ ಎರಡು ನಿಮಿಷ. ದಿನಕ್ಕೆ ಎರಡು ಗಂಟೆ ಮೇಲೆ ನಾಲ್ಕು ನಿಮಿಷ ಆಗುತ್ತೆ. ಹನಿ ಹನಿ ಕೂಡಿದ್ರೆ ಹಳ್ಳ."

"ಅದು ಸರಿ ಸ್ವಾಮಿ. ಮುಂದಿನ ಸ್ಟಾಪ್ ಒಂದು ಕಿಲೋಮೀಟರ್. ರಸ್ತೆಗೆ ಅಂಚೂ ಇಲ್ಲ. ನಾನು ನಡೀಬೇಕಲ್ಲ?"

"ನಿನಗೆ ಕಷ್ಟ ಅಂತ ಗೊತ್ತಮ್ಮ. ಆದ್ರೆ ಅವರೂ ಮನುಷ್ಯರೇ."

"ಅವರನ್ನ ಒಂದು ಮಾತು ಕೇಳಿದ್ರಾ?"

ಅವನು ಹಾಳೆಯನ್ನು ಮಡಚಿ ಎತ್ತಿಟ್ಟ. ಬಾಗಿಲಲ್ಲಿ ನಿಂತಿದ್ದ ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ. ಅವಳು ಕೋಲು ಊರಿಕೊಂಡು ಹೋದಳು.

ಆಮೇಲೆ ಒಂದು ದಿನವೂ ರೈಲು ತಪ್ಪಲಿಲ್ಲ. ಕಾರ್ಖಾನೆಯವರು ಡಿಪೋವರೆಗೂ ಬಂದು ತಕ್ಕಡಿಯ ಕೈ ಹಿಡಿದು ಹೋದರು. ಅವನ ಲೆಕ್ಕ ಸುಳ್ಳಾಗಿರಲಿಲ್ಲ, ಅದೇ ಹೊಟ್ಟೆ ಉರಿಸುವ ಸಂಗತಿ.

ಮೂರನೇ ತಿಂಗಳು, ಮಂಜು ಕವಿದ ಒಂದು ಬೆಳಗ್ಗೆ, ಅವಳು ರಸ್ತೆಯ ಮಗ್ಗುಲಲ್ಲೇ ಮುಂದಿನ ಸ್ಟಾಪಿನ ಕಡೆ ಹೋಗುತ್ತಿರುವುದು ಕಂಡಿತು. ಇನ್ನೂ ಅರ್ಧ ದಾರಿ ಬಾಕಿ ಇತ್ತು. ನಮ್ಮ ಬಸ್ಸಿನ ಸದ್ದಿಗೆ ತಿರುಗಿ, ಕೋಲು ಮೇಲೆತ್ತಿ ಬೀಸಿದಳು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಎಳೆದರೆ ಬಸ್ ನಿಲ್ಲುವ ಗಂಟೆಯ ಹಗ್ಗ ನನ್ನ ಕೈಯಲ್ಲಿತ್ತು.

"ಕಂಡಕ್ಟ್ರೇ, ರೈಲು ಹೋಗುತ್ತೆ," ಎಂದ ಹಿಂದಿನ ಸೀಟಿನವನೊಬ್ಬ. ಪಾಪ, ಅವನೇನು ರಾಕ್ಷಸನಲ್ಲ. ಮನೆಯಲ್ಲಿ ಕಾಯಿಲೆಯ ಹೆಂಡತಿ, ಉಳಿದ ರಜೆ ಎರಡೇ.

ನಾನು ಹಗ್ಗ ಎಳೆಯಲಿಲ್ಲ. ನಮ್ಮ ಹಿಂದೆಯೇ ಒಂದು ಲಾರಿ ಬರುತ್ತಿತ್ತು. ವಾಪಸು ಬರುವಾಗ ಅಲ್ಲಿ ಜನ ಸೇರಿದ್ದರು. ಅವಳ ಮೇಲೆ ಬಟ್ಟೆ ಹೊದಿಸಿದ್ದರು.

ಡಿಪೋಗೆ ಬಂದು ಹೇಳಿದೆ. ತಕ್ಕಡಿ ಕಿಟಕಿಯ ಕಡೆ ತಿರುಗಿ, "ರೈಲು ಸಿಕ್ತಾ?" ಎಂದ.

ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. "ಸಿಕ್ತು. ಹಳ್ಳ ತುಂಬಿ ಹರೀತಾ ಇದೆ, ಹೋಗಿ ಈಜಾಡು!" ಎಂದೆ.

ಅವನು ಅತ್ತುಬಿಟ್ಟ. "ಇಲ್ಲ ಕಣೋ," ಎಂದ. "ಅರವತ್ತೆರಡು ಹನಿ ಅರವತ್ತೆರಡು ಬಾಯಿಗೆ ಹೋಯ್ತು. ಒಬ್ಬೊಬ್ಬರಿಗೂ ಸಿಕ್ಕಿದ್ದು ಒಂದೊಂದೇ ಹನಿ. ಹಳ್ಳ ಇದ್ದಿದ್ದು ನನ್ನ ಹಾಳೆ ಮೇಲೆ ಮಾತ್ರ. ಹೋಗಿದ್ದು ಒಬ್ಬಳದ್ದು, ಪೂರ್ತಿ ಹೋಯ್ತು."

ಆ ವಾರವೇ ಸ್ಟಾಪನ್ನು ಮತ್ತೆ ಸೇರಿಸಿದ. ಕೆಟ್ಟ ಮೇಲೆ ಬುದ್ಧಿ. ನಾವು ನಿಂತೆವು, ಬಾಗಿಲು ತೆರೆದೆವು, ಯಾರೂ ಇಲ್ಲ. ಅವನು ಹೇಳಿದ್ದಂತೆ ಎರಡು ನಿಮಿಷ ಕಾದೆವು. ಹತ್ತಿದವರು ಸೊನ್ನೆ ಎಂದು ಬರೆದೆ. ನಾಲ್ಕನೇ ದಿನ ರೈಲು ತಪ್ಪಿ, ಅದೇ ಕಾರ್ಖಾನೆಯವರು ಅವನ ಮೇಜಿನ ಮುಂದೆ ಬಂದು ಕೂಗಾಡಿದರು. ಡಿಪೋ ಮ್ಯಾನೇಜರ್ ಅವನದೇ ಹಳೆಯ ಹಾಳೆ ತೆಗೆದು ಅವನಿಗೇ ತೋರಿಸಿ, ಸ್ಟಾಪನ್ನು ಹೊಡೆದುಹಾಕಿದ. ಅವನು ವಾದ ಮಾಡಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟು ಮನೆಗೆ ಹೋದವನು ಮತ್ತೆ ಕೆಲಸಕ್ಕೆ ಬರಲಿಲ್ಲ.

ಈಗ ದಿನಾ ಬೆಳಗ್ಗೆ ಅವನು ಆ ಸ್ಟಾಪಿನಲ್ಲಿ ನಿಂತಿರುತ್ತಾನೆ. ಗಡ್ಡ ಬಿಟ್ಟಿದ್ದಾನೆ, ಹಳೆಯ ಸ್ವೆಟರ್. ಒಂದು ಭಾನುವಾರ ಹೋಗಿ ಕೇಳಿದೆ, "ಎಲ್ಲಿಗೆ ಹೋಗ್ಬೇಕು ಅಣ್ಣ ನಿಂಗೆ?"

"ಎಲ್ಲಿಗೂ ಇಲ್ಲ. ಒಂದೇ ಒಂದ್ಸಲ ಒಬ್ಬನಿಗೋಸ್ಕರ ನಿಲ್ಸು, ನೋಡ್ತೀನಿ."

"ಆಯ್ತಣ್ಣ," ಎಂದು ಮಾತು ಕೊಟ್ಟು ಬಂದೆ.

ಸೋಮವಾರ ಅವನು ಕೈ ಅಡ್ಡ ಹಿಡಿದ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ಒಳಗೆ ಅರವತ್ತೆರಡು ಜನ, ಹಿಂದಿನ ಸೀಟಿನವನಿಗೆ ಉಳಿದಿರುವುದು ಒಂದೇ ರಜೆ. ಹಗ್ಗ ನನ್ನ ಕೈಯಲ್ಲೇ ಇತ್ತು. ನಾನು ಎಳೆಯಲಿಲ್ಲ.